ಜಗದಾಂಬ ದಾರಿಗೆ ಅಡ್ಡ ಇಟ್ಟ ಕೋಲು

ನನ್ನ ನಾದಿನಿ ಜಗದಾಂಬನ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳು ಎಂದು ಯಾರಾದರೂ ಕೇಳಿದ್ದರೆ, ಮೊದಲೆಲ್ಲ ನಾನು ಎರಡಕ್ಕೇ ನಿಲ್ಲಿಸಿಬಿಡುತ್ತಿದ್ದೆ. ಒಂದು, ಅವಳು ಹಾಕಿದ ಮಿಡಿ ಉಪ್ಪಿನಕಾಯಿ ವರ್ಷ ಕಳೆದರೂ ಕೆಡುವುದಿಲ್ಲ. ಇನ್ನೊಂದು, ಅವಳ ಬಾಯಲ್ಲಿ ಸುಳ್ಳು ಬರುವುದಿಲ್ಲ. ಮೂರನೆಯದನ್ನು ಹುಡುಕುವಷ್ಟರಲ್ಲಿ ನನಗೆ ಸಿಟ್ಟು ಬಂದಿರುತ್ತಿತ್ತು. ಒಂದೇ ಅಂಗಳದ ಆಚೆ ಈಚೆ ಎರಡು ಒಲೆ ಹಚ್ಚಿಕೊಂಡು ಇಷ್ಟು ವರ್ಷ ಬಾಳಿದವರು ನಾವು. ಅವಳ ಮನೆಯ ಹೊಗೆ ನನ್ನ ಕಣ್ಣಿಗೆ, ನನ್ನ ಮನೆಯ ಮಾತು ಅವಳ ಕಿವಿಗೆ ಹೋಗದ ದಿನವಿಲ್ಲ. ಜಗಮೊಂಡಿ ಅಂದರೆ ಜಗಮೊಂಡಿ. ಈ ವರ್ಷ ಆದದ್ದನ್ನು ಕಣ್ಣಾರೆ ನೋಡದೇ ಹೋಗಿದ್ದರೆ ಅವಳ ಬಗ್ಗೆ ಬರೆಯಲು ನಾನು ಕೂರುತ್ತಲೂ ಇರಲಿಲ್ಲ.

ನಮ್ಮದು ಸೊರಬ ತಾಲ್ಲೂಕಿನ ಕಾಡಂಚಿನ ಒಂದು ಕೇರಿ. ಕ್ಯಾಸನೂರು ಇಲ್ಲಿಗೆ ದೂರವೇನಲ್ಲ. ಕೇರಿ ಮುಗಿಯುವಲ್ಲಿ ಹನುಮಪ್ಪನ ಗುಡಿ, ಗುಡಿಯ ಬೆನ್ನಿಗೇ ಕಾಡಿಗೆ ಹೋಗುವ ದಾರಿ. ಜಗದಾಂಬ ಮದುವೆಯಾಗಿ ತೊಗರ್ಸಿ ಕಡೆ ಹೋಗಿದ್ದಳು. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು ಹಿಡಿದು ತವರಿಗೆ ಬಂದಳು. ನಮ್ಮ ಮನೆಯವರು, ಅಂದರೆ ಅವಳ ಅಣ್ಣ ಗುತ್ಯಪ್ಪ, ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಬರೆಯುವುದಕ್ಕೇನೂ ಅಡ್ಡಿಯಿಲ್ಲ ಬಿಡಿ, ಆಗಲೇ ಒಂದು ಕೋಣೆ ಬಿಡಿಸಿಟ್ಟಿದ್ದರು. ಇವಳು ಕೋಣೆಯನ್ನು ನೋಡಿ, ನೀರು ಕುಡಿದು, “ಒಲೆ ಬೇರೆ ಇರ್ಲಿ ಅಣ್ಣ, ಮನಸ್ಸು ಒಂದಿರ್ಲಿ” ಅಂದಳು. ನನಗೆ ಉರಿದುಹೋಯಿತು.

“ನಾನೇನು ಉಪವಾಸ ಕೆಡವ್ತಿದ್ನಾ ನಿನ್ನ?” ಅಂತ ಕೇಳೇಬಿಟ್ಟೆ.

“ಅದಕ್ಕಲ್ಲ ಅತ್ಗೆ. ನೀನು ಚೆನ್ನಾಗಿ ಬಡಿಸ್ತೀಯ. ಬಡಿಸಿದ್ದನ್ನ ಉಣ್ತಾ ಕೂತ್ರೆ ನಾನು ಕೆಡ್ತೀನಿ” ಅಂದಳು. ಅಂಗಳದ ಆಚೆ ತಾನೇ ಮಣ್ಣು ಕಲಸಿ ಒಲೆ ಹಾಕಿಕೊಂಡಳು.

ಆಮೇಲೆ ಕಾಡಿಗೆ ಹೋಗತೊಡಗಿದಳು, ಒಬ್ಬಳೇ. ಮಾಘ ಮಾಸ ಬಂತೆಂದರೆ ಸೀಗೆ ಒಣಗುತ್ತದೆ. ತುದಿಗೆ ಕೊಕ್ಕೆ ಕಟ್ಟಿದ ಉದ್ದದ ಬಿದಿರ ಕೋಲು, ಎರಡು ಗೋಣಿಚೀಲ, ಕಾಲಿಗೆ ಗಂಡನ ಹಳೆಯ ಬೂಟು. ಸೀಗೆಮೆಳೆಯ ಮುಳ್ಳು ಎಂಥದ್ದೆಂದು ಕಂಡವರಿಗೇ ಗೊತ್ತು, ಒಮ್ಮೆ ಸೀರೆ ಹಿಡಿದರೆ ಬಿಡುವುದಿಲ್ಲ. ಗಂಡಸರೇ ಇಬ್ಬರು ಮೂವರು ಸೇರಿ ಹೋಗುವ ಜಾಗಕ್ಕೆ ಇವಳೊಬ್ಬಳು ಹೋಗಿ ಬರುತ್ತಾಳೆಂದರೆ ಕೇರಿ ಸುಮ್ಮನಿರುತ್ತದೆಯೇ? ಗುಡಿಯ ಕಟ್ಟೆಯ ಮೇಲೆ ಹಿರಿಯರೆಲ್ಲ ಸೇರಿ ನಮ್ಮ ಮನೆಯವರನ್ನು ಕೂರಿಸಿಕೊಂಡು, ತಂಗಿಗೆ ಸ್ವಲ್ಪ ಬುದ್ಧಿ ಹೇಳು, ಹೆಣ್ಣು ಹೆಂಗಸು ಹೀಗೆ ಒಬ್ಬಳೇ ಅಲೆದರೆ ಕೇರಿಯ ಮರ್ಯಾದೆ ಏನಾಗಬೇಕು ಎಂದರು. ಇವರಿಗೂ ಅದೇ ಬೇಕಿತ್ತು. ತಂಗಿಯನ್ನು ಅಲ್ಲಿಗೇ ಕರೆಸಿದರು.

ಅವಳು ಚೀಲ ಹೊತ್ತುಕೊಂಡೇ ಬಂದಳು, ಇಳಿಸಲೂ ಇಲ್ಲ. ಎಲ್ಲರ ಮಾತೂ ಮುಗಿಯುವವರೆಗೆ ಕೇಳಿದಳು.

“ಕಾಲು ನಂದು, ದಾರಿ ನಂದು. ಮುಳ್ಳು ಚುಚ್ಚಿದ್ರೆ ನೋವೂ ನಂದೇ. ನಿಮಗೆ ಎಂತ ತೊಂದ್ರೆ?”

ಅಷ್ಟೇ. ಹೊರಟುಹೋದಳು. ಆಮೇಲೆ ಬುದ್ಧಿ ಹೇಳಿದವರ ಮಾತೆಲ್ಲ ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ. ನಮ್ಮ ಮನೆಯವರು ಮಾತ್ರ ಬಿಡಲಿಲ್ಲ. ಪ್ರತಿ ಮಾಘದಲ್ಲೂ ಒಂದು ಸಲ ಅಂಗಳದಲ್ಲಿ ನಿಂತು “ಕಾಡಿಗೆ ಹೋಗ್ಬ್ಯಾಡ ಜಗದಾ” ಅನ್ನುವುದು, ಅವಳು ಬೂಟಿಗೆ ಕಾಲು ತೂರಿಸುತ್ತಲೇ “ಹೂಂ ಅಣ್ಣ” ಅಂದು ಹೋಗುವುದು. ಈ ಹೂಂ ಅನ್ನುವುದಿದೆಯಲ್ಲ, ಅದನ್ನು ಕೇಳಿದರೇ ನನಗೆ ನಗು ಬರುತ್ತಿತ್ತು.

ಸೀಗೆಯಿಂದಲೇ ಅವಳು ತನ್ನ ಕಾಲ ಮೇಲೆ ನಿಂತಳು, ಅದನ್ನು ಒಪ್ಪಿಕೊಳ್ಳಬೇಕು. ಒಂದು ಹಳೆಯ ಟಿವಿಎಸ್ ಕೊಂಡು, ಎರಡು ಸಲ ಬೇಲಿಗೆ, ಒಂದು ಸಲ ನಮ್ಮ ಕೊಟ್ಟಿಗೆಗೆ ಗುದ್ದಿ ಕಲಿತಳು. ಚೀಲಗಳನ್ನು ಹಿಂದೆ ಕಟ್ಟಿಕೊಂಡು ಸೊರಬದ ಸಂತೆಗೆ, ಅಲ್ಲಿಂದ ಶಿಕಾರಿಪುರಕ್ಕೆ. ಶಿಕಾರಿಪುರದಲ್ಲಿ ಶಹಜಹಾನ್ ಬೇಗಂ ಎಂಬವರು ತಲೆಗೆ ಹಚ್ಚುವ ಪುಡಿ, ಎಣ್ಣೆಯ ಅಂಗಡಿ ಇಟ್ಟಿದ್ದಾರೆ. ಇವಳ ಸೀಗೆ ಬಿಟ್ಟು ಬೇರೆಯವರದ್ದನ್ನು ಅವರು ಮುಟ್ಟುವುದಿಲ್ಲ. ಇಬ್ಬರೂ ಗಂಡನಿಲ್ಲದವರು, ಇಬ್ಬರೂ ಮಾತಿನಮಲ್ಲಿಯರು. ಸೇರಿದರೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ.

ಇನ್ನು ನಮ್ಮ ಮನೆಯವರ ವಿಷಯ ಹೇಳಬೇಕು. ನಮ್ಮ ಕೇರಿಯಲ್ಲಿ ಮಂಗ ಸತ್ತರೆ ಅದು ಹನುಮಪ್ಪನೇ ದೇಹ ಬಿಟ್ಟ ಹಾಗೆ. ಅದನ್ನು ಮೀಯಿಸಿ, ಹಣೆಗೆ ಕುಂಕುಮ ಇಟ್ಟು, ಕೆಂಪು ಶಾಲು ಹೊದಿಸಿ ಕುರ್ಚಿಯಲ್ಲಿ ಕೂರಿಸುತ್ತೇವೆ. ಭಜನೆ ಹೇಳುತ್ತಾ ಕೇರಿ ಸುತ್ತಿಸಿ, ಗುಡಿಯ ಪಕ್ಕದಲ್ಲಿ ಮಣ್ಣು ಮಾಡಿ, ಒಂಬತ್ತನೆಯ ದಿನ ಪಾಯಸದ ಊಟ ಹಾಕುತ್ತೇವೆ. ಎತ್ತಿ ಕುರ್ಚಿಗೆ ಕೂರಿಸುವುದು ನಮ್ಮ ಮನೆತನದ ಕೆಲಸ. ಮಾವನವರು ಮಾಡುತ್ತಿದ್ದರು, ಆಮೇಲೆ ಇವರು. ಮಗುವನ್ನು ಎತ್ತಿಕೊಳ್ಳುವ ಹಾಗೆ ಎರಡೂ ಕೈಯಲ್ಲಿ ಎತ್ತಿ ಎದೆಗೆ ಒರಗಿಸಿಕೊಳ್ಳುತ್ತಾರೆ. ಆಗ ಇವರ ಮುಖ ನೋಡಬೇಕು ನೀವು. ಮನೆಯಲ್ಲಿ ಒಂದು ಲೋಟ ಎತ್ತಿಡದ ಮನುಷ್ಯ!

ಮಂಗನ ಕಾಯಿಲೆ ನಮಗೆ ಗೊತ್ತಿಲ್ಲದ್ದಲ್ಲ. ಡಾಕ್ಟರರು ಅದಕ್ಕೆ ಇಟ್ಟ ಹೆಸರೇ ಪಕ್ಕದ ಕ್ಯಾಸನೂರಿನದು. ಕಾಯಿಲೆ ಬಂದು ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಇಳಿದು ಹತ್ತಿರ ಬಂದವರಿಗೆ ಹತ್ತುತ್ತದೆ, ಕಚ್ಚಿದರೆ ಜ್ವರ, ಆಮೇಲೆ ದೇವರೇ ಗತಿ. ಬೇಸಿಗೆ ಬಂದರೆ ನಮ್ಮ ಆಶಾ ಕಾರ್ಯಕರ್ತೆ ಯಶೋಧರಾ ಮನೆಮನೆಗೆ ಬಂದು ಇದನ್ನೇ ಹೇಳಿ, ಮೈಗೆ ಹಚ್ಚುವ ಎಣ್ಣೆಯ ಬಾಟಲಿ ಕೊಟ್ಟು ಹೋಗುತ್ತಾಳೆ. ಆದರೆ ಕೆಲವು ವರ್ಷಗಳಿಂದ ನಮ್ಮ ಕಡೆ ಕಾಯಿಲೆಯ ಸುದ್ದಿ ಇರಲಿಲ್ಲ. ಬಾಟಲಿಗಳು ದನದ ಕೊಟ್ಟಿಗೆಯ ಗೂಡಿನಲ್ಲಿ ಧೂಳು ತಿನ್ನುತ್ತಿದ್ದವು.

ಈ ಮಾಘದಲ್ಲಿ ಒಂದು ಬೆಳಿಗ್ಗೆ ಹನುಮಪ್ಪನ ಗುಡಿಯ ಮುಂದೆ, ಕರೆಂಟ್ ಕಂಬದ ಬುಡದಲ್ಲೇ ಒಂದು ಮಂಗ ಸತ್ತು ಬಿದ್ದಿತ್ತು. ದೊಡ್ಡ ಗಂಡು ಮಂಗ. ಮೇಲೆ ತಂತಿ, ಕೆಳಗೆ ಮಂಗ, ಇನ್ನೇನು ಬೇಕು? ಕರೆಂಟ್ ಹೊಡೆದಿದೆ ಎಂದು ಎಲ್ಲರೂ ಒಂದೇ ಬಾಯಲ್ಲಿ ತೀರ್ಮಾನ ಮಾಡಿಬಿಟ್ಟರು. ನಾನೂ ಹೌದೌದು ಅಂದೆ. ಗುಡಿಯ ಎದುರಿಗೇ ಪ್ರಾಣ ಬಿಟ್ಟಿದೆಯಲ್ಲ, ಎಂಥ ಪುಣ್ಯಾತ್ಮ ಎಂದು ಹೆಂಗಸರು ಕೆನ್ನೆ ಬಡಿದುಕೊಂಡರು. ಕುರ್ಚಿ ಬಂತು, ಶಾಲು ಬಂತು, ತಾಳ ಬಂತು. ನಾನು ತಟ್ಟೆಯಲ್ಲಿ ಕುಂಕುಮ, ಹೂವು, ಆರತಿ ಹಿಡಿದು ನಿಂತೆ. ನಮ್ಮ ಮನೆಯವರು ಬಾವಿಯಲ್ಲಿ ತಣ್ಣೀರು ಸುರಿದುಕೊಂಡು ಬರಲು ಹೋಗಿದ್ದರು.

ಅಷ್ಟರಲ್ಲಿ ಜಗದಾಂಬನ ಟಿವಿಎಸ್ ಬಂತು. ಉದ್ದದ ಕೊಕ್ಕೆ ಕೋಲು ಗಾಡಿಯ ಪಕ್ಕಕ್ಕೆ ಕಟ್ಟಿದೆ, ಹಿಂದೆ ಖಾಲಿ ಗೋಣಿಚೀಲ, ಕಾಲಲ್ಲಿ ಬೂಟು. ಸೀಗೆಗೆ ಹೊರಟಿದ್ದಾಳೆ ಎಂದುಕೊಂಡೆ. ಜನ ಕಂಡು ಗಾಡಿ ನಿಧಾನ ಮಾಡಿದಳು. ಮಂಗನನ್ನು ನೋಡಿದಳು, ಕುರ್ಚಿ ನೋಡಿದಳು, ನನ್ನ ಕೈಯ ತಟ್ಟೆ ನೋಡಿದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಗಾಡಿಯನ್ನು ಹಾಗೇ ಮುಂದಕ್ಕೆ ಬಿಟ್ಟಳು. ಎಂಥ ಹೆಂಗಸಪ್ಪಾ, ದೇವರಿಗೆ ಒಂದು ಕೈ ಮುಗಿಯಲೂ ಪುರುಸೊತ್ತಿಲ್ಲ ಎಂದು ಬೈದುಕೊಂಡೆ.

ಗುಡಿಯ ಹಿಂದೆ ಗಾಡಿಯ ಶಬ್ದ ಸ್ವಲ್ಪ ದೂರ ಹೋಯಿತು. ನಿಂತಿತು. ಆಮೇಲೆ ತಿರುಗಿ ಬಂತು.

ಇವರು ಒದ್ದೆ ಪಂಚೆಯಲ್ಲಿ ಬಂದು ಇನ್ನೇನು ಬಗ್ಗಬೇಕು, ಅವಳು ಟಿವಿಎಸ್‌ ತಂದು ಮಂಗನಿಗೂ ಇವರಿಗೂ ನಡುವೆ ಅಡ್ಡ ನಿಲ್ಲಿಸಿದಳು.

“ಮುಟ್ಬ್ಯಾಡ ಅಣ್ಣ. ಯಾರೂ ಮುಟ್ಬ್ಯಾಡಿ. ಅತ್ಗೆ, ತಟ್ಟೆ ಅಲ್ಲೇ ಇಟ್ಟು ಹಿಂದೆ ಹೋಗು.”

“ಕರೆಂಟ್ ಹೊಡೆದದ್ದು ಮಾರಾಯ್ತಿ” ಅಂದೆ ನಾನು.

“ಕರೆಂಟ್ ಅಲ್ಲ. ಸೀಗೆಮೆಳೆ ಹತ್ರ ಇನ್ನೊಂದು ಸತ್ತು ಬಿದ್ದದೆ. ಅಲ್ಲೆಲ್ಲಿ ತಂತಿ ಇದೆ?”

ತಾಳ ನಿಂತಿತು. ಸುರೇಂದ್ರ ಎಂಬ ನಮ್ಮ ಕೇರಿಯ ಹುಡುಗ ಮುಂದೆ ಬಂದ. ಹುಡುಗ ಅಂದರೆ ಹುಡುಗನಲ್ಲ, ಮೇಘನಾ ಅಂತ ಒಂದು ಪುಟ್ಟ ಮಗಳಿದ್ದಾಳೆ. ಒಳ್ಳೆಯವನೇ, ಆದರೆ ಮೂಗಿನ ತುದಿಯಲ್ಲೇ ಸಿಟ್ಟು. “ಯಾವಾಗ ನೋಡಿದ್ದು?” ಎಂದು ಕೇಳಿದ.

ಸುಳ್ಳು ಹೇಳಬಹುದಿತ್ತು. ಈಗ ತಾನೇ ನೋಡಿ ಬಂದೆ ಅಂದಿದ್ದರೆ ನಂಬುತ್ತಿದ್ದೆವು. ಅವಳು ಹೇಳಲಿಲ್ಲ.

“ನಿನ್ನೆ ಸಂಜೆ. ಹೇಳಿದ್ರೆ ಕಾಡಿಗೆ ಹೋಗೋದು ಬಂದ್ ಆಗ್ತದೆ. ಸೀಗೆ ಪೂರ್ತಿ ಒಣಗಿ ನಿಂತದೆ, ಒಂದು ಚೀಲಾನೂ ಇಳಿಸಿಲ್ಲ. ಇನ್ನೆರಡು ದಿನ ಕೊಯ್ದು ಆಮೇಲೆ ಯಶೋಧರಂಗೆ ಹೇಳೋಣ ಅಂತ ಬಾಯಿ ಕಟ್ಕೊಂಡೆ. ಈಗ್ಲೂ ಹಂಗೇ ಹೋಗ್ತಿದ್ದೆ. ಆ ಕುರ್ಚಿ ನೋಡಿದ ಮೇಲೆ ಹೋಗಕ್ಕೆ ಆಗ್ಲಿಲ್ಲ.”

ನನಗೆ ಮೈಯೆಲ್ಲ ಉರಿಯಿತು. ಇನ್ನೊಂದು ಗಳಿಗೆ ತಡವಾಗಿದ್ದರೆ ನನ್ನ ಗಂಡ ಅದನ್ನು ಎದೆಗೆ ಒತ್ತಿಕೊಂಡಿರುತ್ತಿದ್ದರು. ಬೈಯಲು ಬಾಯಿ ತೆರೆದೆ, ಸುರೇಂದ್ರ ನನಗಿಂತ ಮುಂಚೆ ಶುರು ಮಾಡಿದ್ದ.

“ನೋಡಿ, ಹೇಳೋದು ಪುರಾಣ, ತಿನ್ನೋದು ಬದನೇಕಾಯಿ! ನಿನ್ನೆ ನಿನಗೆ ಸೀಗೆ ದೊಡ್ಡದಾಗಿತ್ತು, ಇವತ್ತು ನಮಗೆ ದೇವ್ರು ದೊಡ್ಡದಾಗ್ಬಾರ್ದಾ? ಕಾಲು ನಂದು ದಾರಿ ನಂದು ಅಂತ ಜೀವಮಾನ ಪೂರ್ತಿ ಹೇಳ್ಕೊಂಡು ಬಂದಿದೀಯ. ಕೈ ನಮ್ದು, ದೇವ್ರು ನಮ್ದು. ನಾವು ಮುಟ್ತೀವಿ. ನೀನು ಯಾರು ಕೇಳಕ್ಕೆ?”

ನಾಲ್ಕೈದು ಜನ ಹೌದು ಹೌದು ಎಂದರು. ಅವಳ ಮಾತನ್ನೇ ಅವಳ ಬಾಯಿಗೆ ತುರುಕಿದ್ದ. ಇನ್ನು ಇವಳು ಏನು ಹೇಳುತ್ತಾಳೆ ಎಂದು ನಾನೂ ನೋಡಿದೆ.

“ಅರ್ಧ ನೆನಪಿಟ್ಕೊಂಡಿದೀಯ ಸುರೇಂದ್ರ” ಅಂದಳು. ದನಿ ಏರಿಸಲೇ ಇಲ್ಲ. “ಮುಳ್ಳು ಚುಚ್ಚಿದ್ರೆ ನೋವೂ ನಂದೇ ಅಂದಿದ್ದೆ. ಅವತ್ತಿಂದ ಎಷ್ಟೋ ಮುಳ್ಳು ಚುಚ್ಚಿವೆ, ನಿಮ್ಮ ಯಾರ ಕಾಲಿಗೂ ಅಲ್ಲ. ಇದು ಮುಳ್ಳಲ್ಲ. ಇದನ್ನ ನೀನು ಮುಟ್ಟಿ ಮನೆಗೆ ಹೋದ್ರೆ ಕಚ್ಚೋದು ನಿನ್ನನ್ನೊಬ್ಬನ್ನೇ ಅಂತ ಯಾರು ಹೇಳಿದ್ದು? ಮೇಘನಾ ನಿನ್ನ ತೊಡೆ ಮೇಲೇ ಮಲಗ್ತಾಳಲ್ಲ. ಅವಳನ್ನ ಕೇಳಿದೀಯಾ?”

ಸುರೇಂದ್ರ ಜನರ ಹಿಂದಕ್ಕೆ ಹೋಗಿ ನಿಂತ. ಆದರೆ ನಮ್ಮ ಮನೆಯವರು ಅಲ್ಲಾಡಲಿಲ್ಲ. ಅವರು ಸಿಟ್ಟಿನಲ್ಲಿರಲಿಲ್ಲ, ಅದೇ ಕಷ್ಟ. ಕಣ್ಣಲ್ಲಿ ನೀರಿತ್ತು.

“ಅಪ್ಪ ಹೊತ್ತ ಕೈ ಇದು ಜಗದಾ. ಹನುಮಪ್ಪ ಬೀದೀಲಿ ಬಿದ್ದಿದ್ರೆ ನಾನು ದೂರ ನಿಂತು ನೋಡ್ಲಾ? ನಂಗೆ ಏನಾದ್ರೂ ಆಗ್ಲಿ, ಮನೆ ಹೊರಗೆ ಕೊಟ್ಟಿಗೇಲಿ ಬೇಕಾದ್ರೆ ಇರ್ತೀನಿ. ಗಾಡಿ ತೆಗಿ.”

ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಎನ್ನುತ್ತಾರೆ. ನಾವು ಹೆಣಕ್ಕೆ ಶೃಂಗಾರ ಮಾಡಲು ನಿಂತಿದ್ದೆವು, ಅವಳು ಊರಿಗೆ ಉಪಕಾರ ಮಾಡಲು ನಿಂತಿದ್ದಳು. ಎರಡರಲ್ಲಿ ಯಾವುದೂ ಸುಲಭಕ್ಕೆ ಮುಗಿಯುವಂತೆ ಕಾಣಲಿಲ್ಲ. ಇವರು ಹಠಕ್ಕೆ ಬಿದ್ದರೆ ಹನುಮಪ್ಪನೇ ಎದ್ದು ಬಂದು ಹೇಳಿದರೂ ಕೇಳುವವರಲ್ಲ. ಅಣ್ಣ ತಂಗಿ ಇಬ್ಬರೂ ಒಂದೇ ಮಣ್ಣಿನಿಂದ ಮಾಡಿದವರು.

ಜಗದಾಂಬ ಗಾಡಿ ತೆಗೆಯಲಿಲ್ಲ. ಪಕ್ಕಕ್ಕೆ ಕಟ್ಟಿದ್ದ ಕೊಕ್ಕೆ ಕೋಲನ್ನು ಬಿಚ್ಚಿದಳು. ಹೊಡೆಯುತ್ತಾಳೋ ಏನೋ ಎಂದು ಒಂದಿಬ್ಬರು ಹಿಂದೆ ಸರಿದರು. ಅವಳು ಕೋಲು ಹಿಡಿದು ಗುಡಿಯ ಹಿಂದಕ್ಕೆ ನಡೆದಳು, ನಾವು ಗುಡಿಯ ಪಕ್ಕದಿಂದ ಇಣುಕಿದೆವು. ಕಾಡಿನ ದಾರಿ ಶುರುವಾಗುವಲ್ಲಿ ಆಚೆಗೊಂದು ಈಚೆಗೊಂದು ಮತ್ತಿಮರ. ಎರಡರ ಕವಲಿಗೂ ಕೋಲನ್ನು ಅಡ್ಡ ಇಟ್ಟು, ಬೂಟು ಕಳಚಿ ಅದರ ಕೆಳಗೆ ಇಟ್ಟು, ಬರಿಗಾಲಲ್ಲಿ ವಾಪಸ್ ಬಂದಳು.

“ಇಷ್ಟು ವರ್ಷ ಕಾಡಿಗೆ ಹೋಗ್ಬ್ಯಾಡ ಅಂತ ಹೇಳ್ದೆ. ನಾನು ಹೂಂ ಅಂದು ಹೋದೆ. ಇವತ್ತು ನೀನು ಹೇಳ್ದೇನೇ ನಿಲ್ತಿದೀನಿ. ಮಳೆ ಹಿಡಿಯೋವರ್ಗೂ ಆ ಕೋಲು ದಾಟಲ್ಲ. ನಂಗೆ ಆ ದಾರಿ ಅಂದ್ರೆ ಏನು ಅಂತ ನಿಂಗೆ ಗೊತ್ತು. ನನ್ನ ದಾರಿ ನಾನು ಬಿಟ್ಟೆ. ನಿನ್ನ ಕೈ ಕೆಲ್ಸ ನೀನು ಈ ಒಂದು ಸಲ ಬಿಡು ಅಣ್ಣ. ನಾನೊಬ್ಳೇ ಬಿಟ್ರೆ ಸೋಲು. ಇಬ್ರೂ ಬಿಟ್ರೆ ಸೋಲಲ್ಲ.”

ಇವರು ಕೋಲನ್ನು ನೋಡಿದರು. ತಂಗಿಯ ಬರಿಗಾಲನ್ನು ನೋಡಿದರು. ಆ ಕಾಲನ್ನು ನಾನೂ ಅವತ್ತೇ ಸರಿಯಾಗಿ ನೋಡಿದ್ದು, ಮುಳ್ಳಿನ ಕಲೆಯಿಲ್ಲದ ಜಾಗವೇ ಇರಲಿಲ್ಲ. ಇವರು ಹೋಗಿ ಗುಡಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ನಾನು ಕೈಯ ತಟ್ಟೆಯನ್ನು ಕೆಳಗಿಟ್ಟೆ. ಯಾರೋ ಯಶೋಧರಳಿಗೆ ಫೋನು ಮಾಡಿದರು.

ಮಧ್ಯಾಹ್ನದ ಹೊತ್ತಿಗೆ ಆರೋಗ್ಯದವರ ಜೀಪು ಬಂತು. ಮೈತುಂಬ ಕೋಟು, ಗ್ಲೌಸು ಹಾಕಿಕೊಂಡವರು ಮಂಗನನ್ನು ಎತ್ತಿದರು, ಸುತ್ತ ಪುಡಿ ಹಾಕಿದರು. ಸೀಗೆಮೆಳೆಯ ಹತ್ತಿರದ್ದನ್ನೂ ಹುಡುಕಿ ತಂದರು. ಜೀಪು ಹೊರಡುವಾಗ ನಮ್ಮ ಮನೆಯವರು ಕಟ್ಟೆಯಿಂದ ಎದ್ದರು. ಎದ್ದರಲ್ಲಪ್ಪಾ ಎಂದು ನಾನೂ ಹಿಂದೆಯೇ ಓಡಿದೆ. ಇವರು ಖಾಲಿ ಕುರ್ಚಿಗೆ ಕೆಂಪು ಶಾಲು ಹೊದಿಸಿ, ಹೂವಿನ ಹಾರ ಹಾಕಿ, ಎರಡೂ ಕೈಯಲ್ಲಿ ಎತ್ತಿಕೊಂಡರು. “ತಾಳ ಹಾಕ್ರೋ” ಅಂದರು. ಖಾಲಿ ಕುರ್ಚಿಯೇ ಕೇರಿ ಸುತ್ತಿತು. ಒಂಬತ್ತನೆಯ ದಿನ ಪಾಯಸವೂ ಆಯಿತು. ಹನುಮಪ್ಪನಿಗೆ ಏನು ಕಡಿಮೆಯಾಯಿತು, ಹೇಳಿ?

ಎರಡೂ ಮಂಗಗಳಲ್ಲಿ ಕಾಯಿಲೆ ಇತ್ತು ಎಂದು ಆಮೇಲೆ ಯಶೋಧರಾ ಬಂದು ಹೇಳಿದಳು. ಇವರು ಅದನ್ನು ಕೇಳಿ ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಕಾಡಿಗೆ ಹೋಗಬೇಡಿ ಎಂದು ಆರೋಗ್ಯದವರು ಬೋರ್ಡು ಹಾಕಿ ಹೋದರು. ಬೋರ್ಡಿಗೆಲ್ಲ ಬಗ್ಗುವ ಜನವೇ ನಾವು? ಕೊಟ್ಟಿಗೆಗೆ ಒಣಗಿದ ಎಲೆ ಬೇಕು, ಒಲೆಗೆ ಸೌದೆ ಬೇಕು. ಆದರೆ ಬೋರ್ಡಿನ ಪಕ್ಕದಲ್ಲಿ ಆ ಕೋಲಿತ್ತು, ಕೋಲಿನ ಕೆಳಗೆ ಬೂಟಿತ್ತು, ದಿನಾ ಬೆಳಿಗ್ಗೆ ಮತ್ತಿಮರದ ನೆರಳಲ್ಲಿ ಜಗದಾಂಬ ಎಣ್ಣೆ ಬಾಟಲಿ ಇಟ್ಟುಕೊಂಡು ಕೂತಿರುತ್ತಿದ್ದಳು.

ಒಂದು ದಿನ ಸುರೇಂದ್ರ ಕತ್ತಿ, ಹಗ್ಗ ಹಿಡಿದು ಬಂದ. ನಾನೂ ಅಲ್ಲೇ ಇದ್ದೆ.

“ಒಳಗೆ ಹೋಗಲ್ಲ ಜಗದಕ್ಕ, ಅಂಚಲ್ಲೇ ಸ್ವಲ್ಪ ಎಲೆ ಗುಡಿಸ್ಕೊಂಡು ಬರ್ತೀನಿ” ಅಂದ.

ಬೈಯುತ್ತಾಳೆ ಎಂದುಕೊಂಡೆ. ಅವಳು ಎದ್ದು ಕೋಲಿನ ಒಂದು ತುದಿ ಎತ್ತಿ ಹಿಡಿದಳು. “ಹೋಗು ಮಾರಾಯ. ನಾನೇನು ಪೊಲೀಸಾ? ಎಣ್ಣೆ ಹಚ್ಕೊಂಡು ಹೋಗು.”

ಅವನು ಎತ್ತಿದ ಕೋಲಿನ ಮುಂದೆ ನಿಂತ. ತಲೆ ಕೆರೆದುಕೊಂಡ. ಬೈದಿದ್ದರೆ ಹಠಕ್ಕಾದರೂ ದಾಟುತ್ತಿದ್ದನೋ ಏನೋ. “ಬ್ಯಾಡ ಬಿಡು, ಈ ವರ್ಷ ಭತ್ತದ ಹುಲ್ಲೇ ಹಾಸ್ತೀನಿ” ಎಂದು ಗೊಣಗಿ ತಿರುಗಿ ಹೋದ. ಮಾರನೆಯ ದಿನ ಬೇರೆ ಕೇರಿಯ ಇಬ್ಬರು ಸೌದೆಗೆ ಬಂದಾಗ ಅವರನ್ನು ತಡೆದವನು ಇವನೇ.

ಸೀಗೆ ಮೆಳೆಯಲ್ಲೇ ಸಿಡಿದು ಉದುರಿಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಜಗದಾಂಬ ಶಿಕಾರಿಪುರಕ್ಕೆ ಹೋಗಿ ಶಹಜಹಾನ್ ಬೇಗಂಗೆ ಈ ವರ್ಷ ಸೀಗೆ ಇಲ್ಲ ಎಂದು ಹೇಳಿ ಬಂದಳು. ಅವರು ಏನಂದರು ಎಂದು ಕೇಳಿದೆ.

“‘ಇರ್ಲಿ ಬಿಡ್ರೀ ಅಕ್ಕ, ಕೂದ್ಲು ಎಲ್ಲಿಗೆ ಓಡಿಹೋಗುತ್ತೆ, ಮುಂದಿನ ವರ್ಷ ತೊಳ್ಕೊಂಡ್ರಾಯ್ತು’ ಅಂದ್ರು” ಎಂದು ನಕ್ಕಳು. ನಗು ಬೇಗ ಮುಗಿಯಿತು. ಆ ಬೇಸಿಗೆ ಅವಳು ಸೊರಗಿದಳು, ಅದು ಹಸಿವಿನಿಂದಲ್ಲ. ಅವಳ ಒಲೆ ಹೊತ್ತದ ದಿನ ನಾನೇ ಹುಳಿ, ಅನ್ನ ತೆಗೆದುಕೊಂಡು ಹೋಗಿ ಇಟ್ಟೆ. ಉಂಡಳು. ಅವಳು ಎದುರು ಮಾತಾಡದೆ ಉಂಡದ್ದು ಅದೇ ಮೊದಲು. ನನಗೆ ಸಂಕಟವಾಯಿತು. ಬೆಳಿಗ್ಗೆ ಎದ್ದು ಆ ದಾರಿಯನ್ನು ನೋಡುತ್ತಾ ನಿಲ್ಲುತ್ತಿದ್ದಳಲ್ಲ, ಅವಳಿಗೆ ಕಾಡು ಎಂದರೆ ಬರೀ ಸೀಗೆಯಾಗಿರಲಿಲ್ಲ ಎಂಬುದು ನನಗೆ ಅರ್ಥವಾಗಲು ಇಷ್ಟು ವರ್ಷ ಬೇಕಾಯಿತು.

ನಮ್ಮ ಕೇರಿಯಲ್ಲಿ ಒಬ್ಬರಿಗೂ ಜ್ವರ ಬರಲಿಲ್ಲ. ಜೂನ್‌ನಲ್ಲಿ ಮಳೆ ಹಿಡಿಯಿತು, ನಾಲ್ಕು ದಿನ ಬಿಡದೆ ಸುರಿಯಿತು. ಐದನೆಯ ಬೆಳಿಗ್ಗೆ ಮಳೆ ನಿಂತು ಹೊಳವಾದಾಗ ಯಶೋಧರಾ, ಮಳೆಗೆ ಉಣುಗು ಅಡಗುತ್ತವೆ, ಇನ್ನು ಭಯವಿಲ್ಲ ಎಂದು ಕೇರಿಗೆಲ್ಲ ಹೇಳಿ ಹೋದಳು. ಜಗದಾಂಬ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು, ಏಳಲಿಲ್ಲ.

ಸ್ವಲ್ಪ ಹೊತ್ತಿಗೆ ನಮ್ಮ ಮನೆಯವರು ಗುಡಿಯ ಕಡೆಯಿಂದ ಬಂದರು. ಒಂದು ಕೈಯಲ್ಲಿ ಕೊಕ್ಕೆ ಕೋಲು, ಇನ್ನೊಂದು ಕೈಯಲ್ಲಿ ನೀರು ತುಂಬಿದ ಆ ಬೂಟುಗಳು. ಬೂಟಿನ ನೀರು ಚೆಲ್ಲಿ, ತಮ್ಮ ಟವೆಲಿನಿಂದ ಒಳಗೆಲ್ಲ ಒರೆಸಿ, ತಂಗಿಯ ಕಾಲ ಹತ್ತಿರ ಇಟ್ಟರು. ಲೋಟ ಎತ್ತಿಡದ ಮನುಷ್ಯ.

“ಮಳೇಲಿ ಸೀಗೆ ಎಲ್ಲಿರ್ತದೆ ಅಣ್ಣ?” ಅಂದಳು ಅವಳು, ತಲೆಯೆತ್ತದೆ.

“ಸೀಗೆ ಇಲ್ದಿದ್ರೆ ಬ್ಯಾಡ, ಸುಮ್ನೆ ಹೋಗು. ಕಾಲು ನಿಂದು, ದಾರಿ ನಿಂದು.” ಇವರು ಕೋಲನ್ನು ಗೋಡೆಗೆ ಒರಗಿಸಿದರು. “ಮುಳ್ಳು ಚುಚ್ಚಿದ್ರೆ ಮಾತ್ರ ಬಂದು ಹೇಳು. ನೋವು ನಿನ್ನೊಬ್ಳುದೇ ಅಲ್ಲ.”

ಆ ಬೇಸಿಗೆಯಿಡೀ ಅಳದವಳು ಆಗ ಅತ್ತಳು. ಅಳುತ್ತಲೇ ಬೂಟು ಹಾಕಿಕೊಂಡಳು, ಎರಡನೆಯದು ಒದ್ದೆಗೆ ಬಿಗಿಯಾಗಿತ್ತು, ನಾನೇ ಕೂತು ಎಳೆದು ತೊಡಿಸಿದೆ.